ಇಎಲ್‌ಎಯಲ್ಲಿ ಬೆಳ್ಳಗೆ ಹೊಳೆದರೆ ಚಿತ್ರ ತಿದ್ದಿದ್ದು ಅಂತಲೇನಾ?

ಹೊಸಗಣ್ಣು
ಎಲ್ಲರಿಗೂ ನಮಸ್ಕಾರ. ಫಾರ್ವರ್ಡ್ ಆಗಿ ಬಂದ ಫೋಟೋನ ಎರರ್ ಲೆವೆಲ್ ಅನಾಲಿಸಿಸ್ (ಇಎಲ್‌ಎ) ಸೈಟಿಗೆ ಹಾಕಿ, ಎಲ್ಲಿ ಬೆಳ್ಳಗೆ ಹೊಳೆಯುತ್ತೋ ಅಲ್ಲೊಂದು ಕೆಂಪು ಸುತ್ತು ಎಳೆದು, "ನೋಡಿ, ಸಿಕ್ಕಿಬಿದ್ರು" ಅಂತ ಹಾಕೋರು ಜಾಸ್ತಿಯಾಗಿದ್ದಾರೆ. ಅದು ಪುರಾವೆ ಆಗುತ್ತಾ? ಆಗಲ್ಲ ಅಂದ್ರೆ ಮತ್ಯಾವುದು ಆಗುತ್ತೆ? ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದ ಚಿತ್ರದಲ್ಲಿ ನೋಡೋಕೆ ಏನಾದ್ರೂ ಉಳಿದಿರುತ್ತಾ? ಗೊತ್ತಿರೋರು ಬಿಡಿಸಿ ಹೇಳಿ. "ಎಐ ಬಂದ್ಮೇಲೆ ಏನೂ ನಂಬೋ ಹಾಗಿಲ್ಲ" ಅನ್ನೋ ಉತ್ತರ ಮಾತ್ರ ಬೇಡ.

ಗೊಣಗಪ್ಪ
ಎಐ ಬಂದ್ಮೇಲೆ ಏನೂ ನಂಬೋ ಹಾಗಿಲ್ಲ.

ಎಂಟೆಂಟ್ಲೆ ಅರವತ್ನಾಲ್ಕು
ಮೊದಲನೇ ಪ್ರಶ್ನೆಗೆ: ಆಗಲ್ಲ.

ಆ ಟೂಲ್ ಮಾಡೋ ಕೆಲಸ ಇಷ್ಟೇ. ನಿಮ್ಮ ಜೆಪೆಗ್ ಫೈಲನ್ನ ಗೊತ್ತಿರೋ ಒಂದು ಕ್ವಾಲಿಟಿಯಲ್ಲಿ, ಸಾಮಾನ್ಯವಾಗಿ 95ರಲ್ಲಿ, ಇನ್ನೊಂದ್ಸಲ ಸೇವ್ ಮಾಡುತ್ತೆ. ಹಳೇದರಿಂದ ಹೊಸದನ್ನ ಪಿಕ್ಸೆಲ್ ಲೆಕ್ಕದಲ್ಲಿ ಕಳೆಯುತ್ತೆ. ಉಳಿಯೋ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು, ಅದಕ್ಕೆ ಹಲವು ಪಟ್ಟು ಹಿಗ್ಗಿಸಿ ತೋರಿಸುತ್ತೆ. ಜೆಪೆಗ್ ಅನ್ನೋದು ಚಿತ್ರಾನ 8×8 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ ಒಂದೊಂದನ್ನೂ ಬೇರೆಯಾಗಿ ಕುಗ್ಗಿಸುತ್ತೆ. ಒಂದ್ಸಲ ಕುಗ್ಗಿದ ಚೌಕ ಎರಡನೇ ಸಲ ಅಷ್ಟಾಗಿ ಬದಲಾಗಲ್ಲ, ಹೊಸದಾಗಿ ಅಂಟಿಸಿದ ತುಂಡು ಜಾಸ್ತಿ ಬದಲಾಗುತ್ತೆ. ತತ್ವ ಇದು, ತತ್ವದಲ್ಲಿ ತಪ್ಪಿಲ್ಲ.

ಎಡವಟ್ಟಾಗೋದು ಓದೋದ್ರಲ್ಲಿ. ನೀಲಿ ಆಕಾಶ, ಅದರ ಮುಂದೆ ಬಿಳಿ ಬೋರ್ಡು, ಬೋರ್ಡಿನ ಮೇಲೆ ಕೆಂಪು ಅಕ್ಷರ ಇರೋ ಫೋಟೋ ತಗೊಳ್ಳಿ. ಯಾರೂ ಕೈ ಹಚ್ಚಿಲ್ಲ ಅಂದುಕೊಳ್ಳಿ. ಇಎಲ್‌ಎಯಲ್ಲಿ ಆಕಾಶ ಕಾಡಿಗೆ ಬಳಿದ ಹಾಗೆ ಕಪ್ಪಗಿರುತ್ತೆ, ಅಕ್ಷರಗಳ ಅಂಚು ದೀಪ ಹಚ್ಚಿದ ಹಾಗೆ ಉರಿಯುತ್ತೆ. ಕಾರಣ ಇಷ್ಟೇ: ಚೂಪಾದ ಅಂಚನ್ನ ಜೆಪೆಗ್ ಎಷ್ಟು ಸಲ ಸೇವ್ ಮಾಡಿದ್ರೂ ಸರಿಯಾಗಿ ಹಿಡಿಯೋಕಾಗಲ್ಲ, ಕಡು ಕೆಂಪು ಕಡು ನೀಲಿಯಲ್ಲಂತೂ ಇನ್ನೂ ಕಷ್ಟ, ಬಣ್ಣದ ಮಾಹಿತಿನ ಅದು ಮೊದಲೇ ಅರ್ಧಕ್ಕಿಳಿಸಿರುತ್ತೆ. ಹಾಗಾಗಿ "ಬೋರ್ಡಿನ ಅಕ್ಷರ ಬದಲಾಯಿಸಿದ್ದಾರೆ" ಅಂತ ಕೂಗೋರಿಗೆ ಪ್ರತಿ ಬೋರ್ಡೂ ಸಾಕ್ಷಿ.

ಹೋಲಿಸೋದಾದ್ರೆ ಅಂಚನ್ನ ಅಂಚಿನ ಜೊತೆ, ಬೋಳು ಗೋಡೇನ ಬೋಳು ಗೋಡೆ ಜೊತೆ ಹೋಲಿಸಿ. ಅದೇ ಚಿತ್ರದಲ್ಲಿ ಅದೇ ಥರದ ಎರಡು ಬೋರ್ಡ್ ಇದ್ದು, ಒಂದು ಮಂಕಾಗಿ ಇನ್ನೊಂದು ಉರೀತಿದ್ರೆ ಮಾತ್ರ ಅನುಮಾನಕ್ಕೆ ಜಾಗ. ಅದೂ ಅನುಮಾನಕ್ಕೆ, ತೀರ್ಪಿಗಲ್ಲ.

ಸುಮ್ನೆ ಓದೋಳು
ಅಂದ್ರೆ ಇಷ್ಟು ದಿನ ಕೆಂಪು ಸುತ್ತು ನೋಡಿ ನಂಬಿದ್ದೆಲ್ಲ ನೀರಲ್ಲಿ ಹೋಮ.

ಕತ್ತಲೆಕೋಣೆ
ಇದಕ್ಕೊಂದು ಪ್ರಸಿದ್ಧ ಉದಾಹರಣೆಯೇ ಇದೆ. ಇಎಲ್‌ಎ ವಿಧಾನವನ್ನು 2007ರಲ್ಲಿ ಜನರ ಮುಂದಿಟ್ಟವರು ನೀಲ್ ಕ್ರಾವೆಟ್ಜ್. 2013ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆದ ಪಾಲ್ ಹ್ಯಾನ್ಸನ್ ಅವರ ಗಾಜಾ ಶವಯಾತ್ರೆಯ ಚಿತ್ರ ಹಲವು ಚಿತ್ರಗಳ ಜೋಡಣೆ ಎಂದು ಅದೇ ಕ್ರಾವೆಟ್ಜ್ ಬರೆದರು. ಗಲಾಟೆಯಾಯಿತು. ಪ್ರಶಸ್ತಿ ಕೊಟ್ಟ ಸಂಸ್ಥೆ ಕ್ಯಾಮೆರಾದ ರಾ ಫೈಲ್ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಇಟ್ಟ ಮೂಲ ಫೈಲ್) ತರಿಸಿ, ಹ್ಯಾನಿ ಫರೀದ್ ಸೇರಿದಂತೆ ತಜ್ಞರಿಗೆ ಕೊಟ್ಟಿತು. ಅವರು ರಾ ಫೈಲನ್ನೂ ಜೆಪೆಗ್ಗನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು: ಬೆಳಕು ಬಣ್ಣಗಳನ್ನು ಜಾಗ ಜಾಗದಲ್ಲಿ ಸಾಕಷ್ಟು ತಿದ್ದಿದ್ದಾರೆ, ಆದರೆ ಏನನ್ನೂ ಅಂಟಿಸಿಲ್ಲ, ಏನನ್ನೂ ತೆಗೆದಿಲ್ಲ. ವಿಧಾನವನ್ನು ಹೇಳಿಕೊಟ್ಟವರೇ ಎಡವುತ್ತಾರೆ ಎಂದ ಮೇಲೆ ಒಂದು ಬಟನ್ ಒತ್ತಿ ತೀರ್ಪು ಕೊಡುವವರ ಪಾಡೇನು?

ಗೊಣಗಪ್ಪ
ಅಂದ್ರೆ ರಾ ಫೈಲ್ ಇದ್ರೆ ಬಚಾವ್, ಇಲ್ಲಾಂದ್ರೆ ಇಲ್ಲ. ಫಾರ್ವರ್ಡ್ ಫೋಟೋಗೆ ರಾ ಫೈಲ್ ಎಲ್ಲಿಂದ ತರೋದು? ನಾನು ಹೇಳಿದ್ದು ಅದನ್ನೇ ತಾನೇ.

ಎಂಟೆಂಟ್ಲೆ ಅರವತ್ನಾಲ್ಕು
@ಗೊಣಗಪ್ಪ, ಅರ್ಧ ಸರಿ. ವಾಟ್ಸಾಪ್ ಫೋಟೋದ ಅಳತೆ ಇಳಿಸುತ್ತೆ, ತನ್ನ ಕ್ವಾಲಿಟಿಯಲ್ಲಿ ಮತ್ತೆ ಕುಗ್ಗಿಸುತ್ತೆ, ಎಕ್ಸಿಫ್ ಮಾಹಿತಿನ (ಕ್ಯಾಮೆರಾ, ತಾರೀಕು, ಜಾಗ ಅಂತ ಫೈಲಿನೊಳಗೆ ಬರೆದಿರೋದು) ಪೂರ್ತಿ ಕಿತ್ತುಹಾಕುತ್ತೆ. ಅಳತೆ ಬದಲಾದ ಕೂಡಲೇ ಹಳೆಯ 8×8 ಗೆರೆಗಳ ಗುರುತು ಬಹುತೇಕ ಅಳಿಸಿಹೋಗುತ್ತೆ. ಆಮೇಲೆ ಇಎಲ್‌ಎ ಹಾಕಿದ್ರೆ ಇಡೀ ಚಿತ್ರ ಒಂದೇ ಸಮ ಕಾಣುತ್ತೆ. "ಒಂದೇ ಸಮ ಇದೆ, ಹಾಗಾಗಿ ಅಸಲಿ" ಅನ್ನೋದು ಕೆಂಪು ಸುತ್ತಿಗಿಂತ ದೊಡ್ಡ ತಪ್ಪು. ಸ್ಕ್ರೀನ್‌ಶಾಟಿನ ಪಿಎನ್‌ಜಿ ಆದ್ರೆ ಆ ಲೆಕ್ಕವೇ ಕೆಲಸಕ್ಕೆ ಬರಲ್ಲ.

ಆದ್ರೆ ಅಳತೆ ಬದಲಾಗದ ಫೈಲ್ ಸಿಕ್ಕರೆ ಇಎಲ್‌ಎಗಿಂತ ಗಟ್ಟಿ ದಾರಿಗಳಿವೆ. ಒಂದು, ಚೌಕಗಳ ಜೋಡಣೆ. ಬೇರೆ ಜೆಪೆಗ್‌ನಿಂದ ಕತ್ತರಿಸಿ ತಂದ ತುಂಡಿಗೆ ತನ್ನದೇ 8×8 ಗೆರೆ ಇರುತ್ತೆ. ಎಲ್ಲೋ ಒಂದು ಕಡೆ ಅಂಟಿಸಿದ್ರೆ ಹೊಸ ಚಿತ್ರದ ಗೆರೆ ಜೊತೆ ಅದು ಆಕಸ್ಮಿಕವಾಗಿ ಕೂಡಿಕೊಳ್ಳೋ ಸಾಧ್ಯತೆ 64ಕ್ಕೆ 1. ಇನ್ನೊಂದು, ಫರೀದ್ 2009ರಲ್ಲಿ ಬರೆದ ಜೆಪೆಗ್ ಘೋಸ್ಟ್. ಚಿತ್ರಾನ 30ರಿಂದ 90ರ ತನಕ, ಐದೈದು ಹೆಚ್ಚಿಸ್ತಾ, ಬೇರೆ ಬೇರೆ ಕ್ವಾಲಿಟಿಯಲ್ಲಿ ಸೇವ್ ಮಾಡಿ. ಪ್ರತಿಯೊಂದನ್ನೂ ಮೂಲದಿಂದ ಕಳೆಯಿರಿ. ಉದಾಹರಣೆಗೆ 65ರಲ್ಲಿ ಸೇವ್ ಆಗಿದ್ದ ಮುಖವನ್ನ 85ರ ಚಿತ್ರಕ್ಕೆ ಅಂಟಿಸಿದ್ರೆ, 65ರದ್ದನ್ನ ಕಳೆದು ಬಂದ ಚಿತ್ರ ನೋಡುವಾಗ ಆ ಮುಖ ಮಾತ್ರ ದಿಢೀರಂತ ಕಪ್ಪಗಾಗಿ ಎದ್ದು ಕಾಣುತ್ತೆ, ಸುತ್ತಲಿನದು ಹಾಗಾಗಲ್ಲ. ದೆವ್ವದ ಹಾಗೆ ಮೂಡಿ ಮಾಯ ಆಗೋದ್ರಿಂದ ಆ ಹೆಸರು. ಮಿತಿ: ಅಂಟಿಸಿದ ತುಂಡು ಮೊದಲು ಕಡಿಮೆ ಕ್ವಾಲಿಟಿಯಲ್ಲಿದ್ದು, ಪೂರ್ತಿ ಚಿತ್ರ ಆಮೇಲೆ ಹೆಚ್ಚಿನ ಕ್ವಾಲಿಟಿಯಲ್ಲಿ ಸೇವ್ ಆಗಿರಬೇಕು. ತಿರುಗುಮುರುಗಾದ್ರೆ ಕಾಣಲ್ಲ.

ನೆರಳುಗಾರ
ಪಿಕ್ಸೆಲ್ ಬಿಡ್ರಿ, ನೆರಳು ನೋಡ್ರಿ. ನೂರು ಸಲ ಫಾರ್ವರ್ಡ್ ಆದ್ರೂ ನೆರಳು ಎಲ್ಲಿಗೂ ಓಡಿ ಹೋಗಂಗಿಲ್ಲ.

ಹೊಸಗಣ್ಣು
ನೆರಳು ಒಂದೊಂದು ಒಂದೊಂದು ದಿಕ್ಕಿಗಿದ್ರೆ ನಕಲಿ ಅಂತಾನಾ ಸಾರ್?

ನೆರಳುಗಾರ
ಅದನ್ನ ಮಾತ್ರ ಹೇಳಬ್ಯಾಡ್ರಿ! ಚಂದ್ರನ ಮ್ಯಾಲೆ ಇಳದಿದ್ದು ಸುಳ್ಳು ಅನ್ನೋರು ಹೇಳೂದು ಇದನ್ನ. ಫೋಟೋದಾಗ ನೆರಳು ಒಂದಕ್ಕೊಂದು ಸಮಾಂತರ ಇರಬೇಕಂತ ಏನಿಲ್ಲ. ರೈಲು ಹಳಿ ದೂರ ಹೋದಂಗ ಕೂಡಿದಂಗ ಕಾಣ್ತಾವಲ್ಲ, ನೆರಳೂ ಹಂಗ.

ಮಾಡಬೇಕಾದ್ದು ಬ್ಯಾರೆ. ನೆರಳಿನ ಮ್ಯಾಲೆ ಒಂದು ಚುಕ್ಕಿ ಇಡ್ರಿ, ಆ ನೆರಳು ಬೀಳಿಸಿದ ವಸ್ತುವಿನ ಮ್ಯಾಲೆ ಅದಕ್ಕ ಸರಿಯಾದ ಚುಕ್ಕಿ ಇಡ್ರಿ. ಕಂಬದ ತುದಿ, ಟೋಪಿಯ ಮೂಲೆ, ಇಂಥ ಖಚಿತ ಜಾಗಾನ ಆರಿಸ್ರಿ, ಭುಜ ಹೊಟ್ಟೆ ಅಂಥ ದುಂಡಗಿನ ಜಾಗ ಬ್ಯಾಡ. ಎರಡೂ ಚುಕ್ಕಿ ಕೂಡಿಸಿ ಗೆರೆ ಎಳದು ಚಿತ್ರದ ಹೊರಗ ತನಕ ಬೆಳಸ್ರಿ. ಇಂಥ ನಾಕೈದು ಗೆರೆ ಎಳದ್ರ ಎಲ್ಲಾ ಒಂದ ಬಿಂದುವಿನಾಗ ಕೂಡಬೇಕು, ಅದು ಬೆಳಕಿನ ಜಾಗ. ಸೂರ್ಯ ಕ್ಯಾಮೆರಾದ ಬೆನ್ನಿಗಿದ್ರ ಗೆರೆಗಳು ಮ್ಯಾಲೆ ಅಲ್ಲ, ಕೆಳಗ ಕೂಡ್ತಾವ. ಸೂರ್ಯ ಸರಿಯಾಗಿ ಮಗ್ಗಲಿಗಿದ್ರ ಮಾತ್ರ ಗೆರೆ ಸಮಾಂತರ ಇರ್ತಾವ. ನೆಲ ಏರುತಗ್ಗು ಇದ್ರ ನೆರಳು ಸೊಟ್ಟ ಆಗ್ತದ, ಆದ್ರ ಈ ಗೆರೆ ಸೊಟ್ಟ ಆಗಂಗಿಲ್ಲ, ಅದಾ ಇದರ ಸೊಗಸು. ನಾಕು ಗೆರೆ ಒಂದ ಕಡೆ ಕೂಡಿ, ನಡುವ ನಿಂತ ಒಬ್ಬನ ಗೆರೆ ಮಾತ್ರ ಮೂರು ಮಾರು ದೂರ ಹೋತು ಅಂದ್ರ ಅವನನ್ನ ಎಲ್ಲಿಂದಲೋ ತಂದು ನಿಲ್ಲಿಸ್ಯಾರ.

ಕನ್ನಡಿ, ನೀರಿನ ಪ್ರತಿಬಿಂಬಕ್ಕೂ ಇದಾ ಲೆಕ್ಕ. ವಸ್ತು ಮತ್ತ ಅದರ ಪ್ರತಿಬಿಂಬ ಕೂಡಿಸೋ ಗೆರೆಗಳು ಒಂದ ಬಿಂದುವಿಗೆ ಹೋಗಬೇಕು.

ಸುಮ್ನೆ ಓದೋಳು
ಇದು ಚೆನ್ನಾಗಿದೆ. ಸ್ಕೇಲು ಪೆನ್ಸಿಲ್ ಸಾಕು.

ಕತ್ತಲೆಕೋಣೆ
ಗೆರೆ ಎಳೆಯದೆ ಬರಿಗಣ್ಣಲ್ಲಿ ನೆರಳು ನೋಡಿದರೆ ಏನಾಗುತ್ತದೆ ಎನ್ನುವುದಕ್ಕೆ ಲೀ ಹಾರ್ವೆ ಆಸ್ವಾಲ್ಡ್ ಬಂದೂಕು ಹಿಡಿದು ಹಿತ್ತಲಲ್ಲಿ ನಿಂತ ಚಿತ್ರವೇ ಸಾಕ್ಷಿ. ಮೂಗಿನ ಕೆಳಗಿನ ನೆರಳಿಗೂ ನೆಲದ ಮೇಲಿನ ನೆರಳಿಗೂ ಹೊಂದುವುದಿಲ್ಲ ಎಂದು ದಶಕಗಳ ಕಾಲ ವಾದ ನಡೆಯಿತು. 2009ರಲ್ಲಿ ಫರೀದ್ ತಲೆಯ ಮೂರು ಆಯಾಮದ ಮಾದರಿ ಮಾಡಿ ನೋಡಿದಾಗ ಒಂದೇ ಬೆಳಕಿನಿಂದ ಎರಡೂ ನೆರಳು ಬರುತ್ತವೆ ಎಂದು ತಿಳಿಯಿತು. ನೆರಳಿನ ವಿಷಯದಲ್ಲಿ ನಮ್ಮ ಕಣ್ಣು ಬಹಳ ದಡ್ಡ.

ಮೂಲಪ್ರತಿ
ಎಲ್ಲರೂ ಚಿತ್ರದ ಒಳಗೇ ಹುಡುಕ್ತಾ ಇದೀರಿ ಮಾರಾಯ್ರೆ. ಹೊರಗೆ ನೋಡಿ ಮೊದಲು. ದಿಕ್ಕು ತಪ್ಪಿಸುವ ಚಿತ್ರಗಳಲ್ಲಿ ಎಷ್ಟೋ ಒಂದು ಪಿಕ್ಸೆಲ್ಲೂ ತಿದ್ದಿರುವುದಿಲ್ಲ. ಎಲ್ಲಿಯದೋ ಹಳೇ ಪ್ರವಾಹದ ಚಿತ್ರ, ಇವತ್ತಿನ ತಾರೀಕು. ಇಎಲ್‌ಎ, ಘೋಸ್ಟ್, ನೆರಳು ಎಲ್ಲವೂ "ಅಸಲಿ" ಅಂತಲೇ ಹೇಳ್ತವೆ, ಸರಿಯಾಗಿಯೇ ಹೇಳ್ತವೆ. ಸುಳ್ಳು ಇರುವುದು ಕೆಳಗೆ ಬರೆದ ಎರಡು ಸಾಲಿನಲ್ಲಿ.

ಹಾಗಾಗಿ ಮೊದಲ ಕೆಲಸ ರಿವರ್ಸ್ ಸರ್ಚ್, ಅಂದರೆ ಚಿತ್ರವನ್ನೇ ಹಾಕಿ ಅದು ಬೇರೆಲ್ಲಿ ಬಂದಿದೆ ಅಂತ ಹುಡುಕುವುದು. ಪೂರ್ತಿ ಚಿತ್ರ ಹಾಕಿ ಸಿಗಲಿಲ್ಲ ಅಂತ ಬಿಡಬೇಡಿ. ಮೇಲೆ ಬರೆದ ಅಕ್ಷರ, ಲೋಗೋ, ಅಂಚುಪಟ್ಟಿ ಕತ್ತರಿಸಿ ಹಾಕಿ. ಎಡಬಲ ತಿರುಗಿಸಿ ಹಾಕಿ, ಹುಡುಕಾಟ ತಪ್ಪಿಸಲಿಕ್ಕೆ ಕನ್ನಡಿಯ ಹಾಗೆ ತಿರುಗಿಸುವುದು ಹಳೇ ತಂತ್ರ. ಹಿನ್ನೆಲೆಯ ಕಟ್ಟಡ ಮಾತ್ರ ಕತ್ತರಿಸಿ ಹಾಕಿ. ಎರಡು ಮೂರು ಸರ್ಚ್ ಎಂಜಿನ್‌ನಲ್ಲಿ ನೋಡಿ, ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಇರ್ತದೆ. ಟಿನ್‌ಐ ಅನ್ನುವ ಚಿತ್ರ ಹುಡುಕುವ ಸೈಟ್‌ನಲ್ಲಿ ಹಳೆಯದು ಮೊದಲು ಬರುವ ಹಾಗೆ ಜೋಡಿಸಬಹುದು, ಆದರೆ ಅಲ್ಲಿ ತೋರಿಸುವ ತಾರೀಕು ಅವರ ಯಂತ್ರ ಆ ಚಿತ್ರವನ್ನು ಮೊದಲು ಕಂಡ ದಿನ, ಚಿತ್ರ ಪ್ರಕಟವಾದ ದಿನ ಅಲ್ಲ.

ಎರಡನೆಯದು, ಕಳಿಸಿದವರ ಹತ್ತಿರ ಮೂಲ ಫೈಲ್ ಕೇಳುವುದು. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಫೈಲ್ ಇದ್ದ ಹಾಗೆ ಬರ್ತದೆ, ಎಕ್ಸಿಫ್ ಸಮೇತ. ಅದರಲ್ಲಿ ಮನೆಯ ಜಿಪಿಎಸ್ ಗುರುತೂ ಬರಬಹುದು ಅಂತ ಅವರಿಗೆ ಮೊದಲೇ ಹೇಳಿಬಿಡಿ. ಬಂದ ಕೂಡಲೇ ಶಾ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಬರೆದಿಡಿ, ಪ್ರತಿ ಮಾಡಿಕೊಂಡು ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿ. ಗ್ಯಾಲರಿಯಲ್ಲಿ ತೆರೆದು ಒಂದು ಸಲ ತಿರುಗಿಸಿ ಸೇವ್ ಮಾಡಿದರೂ ಮೂಲ ಹೋಯಿತು.

ಎಕ್ಸಿಫ್ ಓದಿ ತೋರಿಸುವ ಎಕ್ಸಿಫ್‌ಟೂಲ್ ಸುಳ್ಳು ಹೇಳುವುದಿಲ್ಲ, ಎಕ್ಸಿಫ್ ಹೇಳಬಹುದು. ತಾರೀಕನ್ನು ಅದೇ ಟೂಲ್‌ನಿಂದ ಒಂದು ಸಾಲಿನಲ್ಲಿ ಬದಲಾಯಿಸಬಹುದು. ಸಾಫ್ಟ್‌ವೇರ್ ಅನ್ನುವಲ್ಲಿ ಫೋಟೋಶಾಪ್ ಅಂತ ಇದ್ದರೆ ಫೈಲ್ ಅದರ ಮೂಲಕ ಹಾದು ಬಂತು ಅಂತ ಅಷ್ಟೇ ಅರ್ಥ, ಕ್ರಾಪ್ ಮಾಡಿದರೂ ಹಾಗೇ ಬರ್ತದೆ. ಎಕ್ಸಿಫ್ ಇಲ್ಲದಿರುವುದಂತೂ ಏನನ್ನೂ ಹೇಳುವುದಿಲ್ಲ. ಉಪಯೋಗ ಆಗುವುದು ಒಳಗಿನ ಪುಟ್ಟ ಥಂಬ್‌ನೇಲ್, 160×120ರದ್ದು. ಕೆಲವು ಎಡಿಟರ್‌ಗಳು ದೊಡ್ಡ ಚಿತ್ರ ತಿದ್ದಿ ಥಂಬ್‌ನೇಲ್ ಬದಲಾಯಿಸುವುದನ್ನು ಮರೀತವೆ. ದೊಡ್ಡದರಲ್ಲಿ ಮೂವರು, ಚಿಕ್ಕದರಲ್ಲಿ ನಾಲ್ವರು!

ಗೊಣಗಪ್ಪ
ಸ್ಟಾಲಿನ್‌ನ ಗುಪ್ತ ಪೊಲೀಸ್ ಮುಖ್ಯಸ್ಥ ಯೆಜೋವ್ ಅವನ ಪಕ್ಕದಲ್ಲೇ ನೀರು ನೋಡ್ತಾ ನಿಂತಿದ್ದ, ಆಮೇಲೆ ಚಿತ್ರದಲ್ಲಿ ಬರೀ ನೀರು. ಅದಕ್ಕೆ ಥಂಬ್‌ನೇಲ್ ಇರಲಿಲ್ಲ ಪಾಪ.

ಕತ್ತಲೆಕೋಣೆ
ಹೌದು, ಮಾಸ್ಕೋ ಕಾಲುವೆಯ ದಡದಲ್ಲಿ ಸ್ಟಾಲಿನ್ ಪಕ್ಕ ಇದ್ದ ಯೆಜೋವ್ 1940ರಲ್ಲಿ ಗುಂಡಿಗೆ ಬಲಿಯಾದ, ಚಿತ್ರದಿಂದಲೂ ಹೋದ. ಆ ಕಾಲದಲ್ಲಿ ಅದಕ್ಕೆ ಕುಂಚ, ಬ್ಲೇಡು, ನುರಿತ ಕೈ, ಹೊತ್ತು ಎಲ್ಲ ಬೇಕಿತ್ತು. 1982ರ ಫೆಬ್ರವರಿಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅಡ್ಡ ಚಿತ್ರವನ್ನು ಉದ್ದ ಮುಖಪುಟಕ್ಕೆ ಕೂಡಿಸಲು ಗೀಜಾದ ಪಿರಮಿಡ್‌ಗಳನ್ನೇ ಹತ್ತಿರ ಸರಿಸಿತು, ಅದಕ್ಕೂ ಮುದ್ರಣಾಲಯದ ದುಬಾರಿ ಯಂತ್ರ ಬೇಕಾಯಿತು. 1990ರಲ್ಲಿ ಫೋಟೋಶಾಪ್ ಬಂದ ಮೇಲೆ ಮೇಜಿನ ಮೇಲಿನ ಕಂಪ್ಯೂಟರ್ ಸಾಕಾಯಿತು. ಈಗ ಹೆಬ್ಬೆರಳು ಸಾಕು. "ಫೋಟೋ ಯಾವತ್ತೂ ಸುಳ್ಳೇ" ಎನ್ನುವವರು ಈ ಇಳಿದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಸುಮ್ನೆ ಓದೋಳು
ಸುದ್ದಿ ಸಂಸ್ಥೆಗಳಲ್ಲಿ ಎಷ್ಟರ ಮಟ್ಟಿಗೆ ತಿದ್ದಬಹುದು? ಬೆಳಕು ಜಾಸ್ತಿ ಮಾಡೋದೂ ತಿದ್ದೋದೇ ಅಲ್ವಾ?

ಕತ್ತಲೆಕೋಣೆ
ಎಪಿ (ಅಸೋಸಿಯೇಟೆಡ್ ಪ್ರೆಸ್) ಸುದ್ದಿ ಸಂಸ್ಥೆಯ ನಿಯಮ ಬಹಳ ಕಟ್ಟುನಿಟ್ಟು. ಕ್ರಾಪ್, ಸ್ವಲ್ಪ ಬೆಳಕು ಬಣ್ಣ ಸರಿಪಡಿಸುವುದು, ಸೆನ್ಸರ್ ಮೇಲಿನ ಧೂಳಿನ ಚುಕ್ಕೆ ತೆಗೆಯುವುದು ಸರಿ. ಸೇರಿಸುವುದು, ತೆಗೆಯುವುದು ಇಲ್ಲ. ಫ್ಲ್ಯಾಶ್‌ನಿಂದ ಕೆಂಪಾದ ಕಣ್ಣನ್ನು ಸರಿ ಮಾಡುವ ಹಾಗೂ ಇಲ್ಲ. 2015ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ಹಿಂದಿನ ಸುತ್ತಿಗೆ ಬಂದ ಚಿತ್ರಗಳಲ್ಲಿ ಶೇ. 20ರಷ್ಟನ್ನು ಮೂಲ ಫೈಲ್ ಜೊತೆ ಹೋಲಿಸಿದ ಮೇಲೆ ಹೊರಗಿಟ್ಟರು. ಅಂದರೆ ಈ ಖಾಯಿಲೆ ವೃತ್ತಿಯವರಲ್ಲೂ ಇದೆ.

2006ರ ಬೈರೂತ್ ಹೊಗೆ ನೆನಪಿದೆಯೇ? ಬಾಂಬ್ ಬಿದ್ದ ಹೊಗೆ ಇನ್ನೂ ದಟ್ಟವಾಗಿ ಕಾಣಲೆಂದು ರಾಯ್ಟರ್ಸ್‌ನ ಫ್ರೀಲಾನ್ಸ್ ಛಾಯಾಗ್ರಾಹಕ ಕ್ಲೋನ್ ಸ್ಟ್ಯಾಂಪ್ (ಚಿತ್ರದ ಒಂದು ಭಾಗವನ್ನು ಇನ್ನೊಂದೆಡೆ ನಕಲಿಸುವ ಸಾಧನ) ಬಳಸಿದ. ನಿಜವಾದ ಹೊಗೆಯ ಎರಡು ಗುಬುಟು ಎಂದೂ ಒಂದೇ ಥರ ಇರುವುದಿಲ್ಲ, ಅಲ್ಲಿ ಅದೇ ಗುಬುಟು, ಅದೇ ಅಂಚು, ಮೆಟ್ಟಿಲಿನ ಹಾಗೆ ಮತ್ತೆ ಮತ್ತೆ ಮೇಲೇರುತ್ತಿತ್ತು. ಅವನ 920 ಚಿತ್ರಗಳನ್ನೂ ಸಂಸ್ಥೆ ಹಿಂದಕ್ಕೆ ಪಡೆಯಿತು. ಕೆಡಿಸಿದ್ದು ಬೆರಳೆಣಿಕೆ, ನಂಬಿಕೆ ಹೋದದ್ದು ಎಲ್ಲದರ ಮೇಲೂ.

ಪ್ರಯೋಗಾಲಯದ ಕೋಟು
ಕ್ಲೋನ್ ಅಂದಿದ್ದಕ್ಕೆ ಒಂದು ಸೇರಿಸ್ತೀನಿ, ವಿಷಯಾಂತರ ಅನ್ನಬೇಡಿ. ವಿಜ್ಞಾನ ಪತ್ರಿಕೆಗಳಲ್ಲೂ ಇದೇ ಪಿಡುಗು. ಎಲಿಸಬೆತ್ ಬಿಕ್ ಮತ್ತು ಜೊತೆಗಾರರು 20,621 ಪ್ರಬಂಧಗಳ ಚಿತ್ರಗಳನ್ನ ಕಣ್ಣಲ್ಲೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಪ್ರಕಾರ ಶೇ. 3.8ರಲ್ಲಿ ಎರಡೆರಡು ಸಲ ಬಳಸಿದ ಚಿತ್ರ ಇತ್ತು. ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಗುರುತಿಸೋ ಪರೀಕ್ಷೆಯ ಚಿತ್ರ) ನೋಡುವಾಗ ಕಪ್ಪು ಪಟ್ಟಿಗಳನ್ನ ನೋಡಬೇಡಿ, ಅವು ಸಹಜವಾಗಿಯೇ ಒಂದೇ ಥರ ಇರ್ತವೆ. ಕಾಂಟ್ರಾಸ್ಟ್ ಪೂರ್ತಿ ಏರಿಸಿ, ಬಣ್ಣ ತಿರುಗಾಮುರುಗಾ ಮಾಡಿ, ಪಟ್ಟಿಯ ಸುತ್ತಲಿನ ಬೂದು ಹಿನ್ನೆಲೆ ನೋಡಿ. ಧೂಳಿನ ಅದೇ ಮೂರು ಚುಕ್ಕೆ ಎರಡು ಕಡೆ ಇದ್ರೆ ಸಿಕ್ಕಂಗೆ. 180 ಡಿಗ್ರಿ ತಿರುಗಿಸಿಯೂ ನೋಡಿ.

ಗೊಣಗಪ್ಪ
ಇವೆಲ್ಲ ಕತ್ತರಿ ಗೋಂದಿನ ಕಾಲದ ಮಾತು. ಎಐನಲ್ಲಿ ತಿದ್ದಿದ್ದಕ್ಕೆ ಏನು ಮಾಡ್ತೀರಿ? ಆರು ಬೆರಳು ಎಣಿಸೋ ಕಾಲ ಮುಗೀತು.

ಎಂಟೆಂಟ್ಲೆ ಅರವತ್ನಾಲ್ಕು
ಬೆರಳಿನ ಮಾತು ಒಪ್ಪಿದೆ. ಇನ್ನೂ ಒಂದು ಕಷ್ಟ ಇದೆ. ಡಿಫ್ಯೂಷನ್ ಅನ್ನೋ ಥರದ ಎಐ ಎಡಿಟರ್‌ಗೆ "ಈ ಕಂಬ ತೆಗಿ" ಅಂದ್ರೆ ಹಲವು ಮಾದರಿಗಳು ಇಡೀ ಚಿತ್ರಾನ ತಮ್ಮ ಒಳಭಾಷೆಗೆ ಇಳಿಸಿ ವಾಪಸ್ ಬಿಡಿಸ್ತವೆ. ಕಂಬ ಇದ್ದ ಜಾಗ ಮಾತ್ರ ಅಲ್ಲ, ಮುಟ್ಟದ ಮೂಲೆಯ ಪಿಕ್ಸೆಲ್ಲೂ ಹೊಸದಾಗುತ್ತೆ. ಎಲ್ಲವೂ ಒಂದೇ ಕೈಯಿಂದ ಬಂದಂತೆ ಕಾಣೋದ್ರಿಂದ "ಇಲ್ಲಿ ಬೇರೆ, ಅಲ್ಲಿ ಬೇರೆ" ಅಂತ ಹುಡುಕೋ ವಿಧಾನಕ್ಕೆ ಏನೂ ಸಿಗಲ್ಲ. ನೆರಳಿನ ಗೆರೆ ಆಗಲೂ ಕೆಲಸಕ್ಕೆ ಬರುತ್ತೆ, ಯಾಕಂದ್ರೆ ಆ ಮಾದರಿಗಳು ರೇಖಾಗಣಿತ ಲೆಕ್ಕ ಹಾಕಿ ಬಿಡಿಸಲ್ಲ.

ಎಐ ಪತ್ತೆ ಸೈಟ್‌ಗಳು "87% ಎಐ" ಅಂದ್ರೆ ಅದು ಸಾಧ್ಯತೆಯ ಲೆಕ್ಕ ಅಂತ ಓದಬೇಡಿ. ಆ ಮಾದರಿಯ ಒಳಗಿನ ಅಂಕ ಅದು. ಅದೇ ಚಿತ್ರಾನ ಅರ್ಧ ಅಳತೆಗೆ ಇಳಿಸಿ, 70ರಲ್ಲಿ ಸೇವ್ ಮಾಡಿ ಮತ್ತೆ ಹಾಕಿ. ಅಂಕ ಎಗರಾಡಿದ್ರೆ ಆ ಸೈಟನ್ನ ಎಷ್ಟು ನಂಬಬೇಕು ಅಂತ ನಿಮಗೇ ತಿಳಿಯುತ್ತೆ.

ಹೊಸಗಣ್ಣು
ಫೋನಿನ ಕ್ಯಾಮೆರಾನೇ ತಿದ್ದುತ್ತಲ್ಲ, ಅದನ್ನ ಏನಂತ ಕರೆಯೋದು?

ನೆರಳುಗಾರ
ಅದಕ್ಕ ಚಂದ್ರನ ಪ್ರಯೋಗ ಒಂದು ಅದ ನೋಡ್ರಿ. 2023ರಾಗ ಒಬ್ಬರು ಚಂದ್ರನ ಚಿತ್ರಾನ 170×170 ಪಿಕ್ಸೆಲ್‌ಗೆ ಇಳಿಸಿ, ಮಸುಕು ಮಾಡಿ, ಮಾನಿಟರ್‌ದಾಗ ಹಾಕಿ, ಕತ್ತಲ ಕೋಣ್ಯಾಗ ದೂರ ನಿಂತು ಸ್ಯಾಮ್‌ಸಂಗ್ ಫೋನಿಂದ ಹೊಡದ್ರು. ಮಾನಿಟರ್‌ದಾಗ ಇಲ್ಲದ ಕುಳಿಗಳು ಫೋಟೋದಾಗ ಬಂದುವು! ಇಂಥಾದ್ರಾಗ "ಕ್ಯಾಮೆರಾದಿಂದ ನೇರ ಬಂದ ಮೂಲ" ಅಂದ್ರ ಯಾವುದ್ರಿ?

ಮೂಲಪ್ರತಿ
ಅದಕ್ಕೇ ಸಿ2ಪಿಎ ಅಂತ ಒಂದು ಮಾನದಂಡ ಮಾಡಿದ್ದು. ಚಿತ್ರ ತೆಗೆಯುವಾಗಲೇ ಕ್ಯಾಮೆರಾ ಡಿಜಿಟಲ್ ಸಹಿ ಹಾಕ್ತದೆ, ಆಮೇಲೆ ಏನೇನು ಮಾಡಿದ್ರು ಅಂತ ಒಂದೊಂದೂ ದಾಖಲಾಗ್ತದೆ. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಇದಿದ್ದ ಮೊದಲ ಕ್ಯಾಮೆರಾ.

ಗೊಣಗಪ್ಪ
ಸಹಿ ಹಾಕೋ ಕ್ಯಾಮೆರಾದಿಂದ ಮಾನಿಟರ್‌ನ ಫೋಟೋ ಹೊಡೆದ್ರೆ? ಸುಳ್ಳಿಗೂ ಸಹಿ.

ಮೂಲಪ್ರತಿ
ಬೀಳ್ತದೆ. ಸಹಿ ಹೇಳುವುದು ಈ ಫೈಲ್ ಎಲ್ಲಿಂದ ಬಂತು ಅಂತ, ಎದುರಿಗಿದ್ದದ್ದು ನಿಜವಾ ಅಂತ ಅಲ್ಲ. ಬೀಗ ಒಡೆದದ್ದೂ ಉಂಟು. ಕ್ಯಾನನ್‌ನ ಹಳೇ ದೃಢೀಕರಣ ವ್ಯವಸ್ಥೆಯನ್ನು 2010ರಲ್ಲಿ, ನಿಕಾನ್‌ನದ್ದನ್ನು 2011ರಲ್ಲಿ ಎಲ್ಕಾಮ್‌ಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಒಡೆಯಿತು. 2025ರಲ್ಲಿ ನಿಕಾನ್ ಝಡ್6-3ರಲ್ಲಿ ಮಲ್ಟಿಪಲ್ ಎಕ್ಸ್‌ಪೋಷರ್ (ಒಂದರ ಮೇಲೊಂದು ಚಿತ್ರ ಕೂಡಿಸುವ ಸೌಲಭ್ಯ) ಬಳಸಿ ಸಹಿ ಇಲ್ಲದ ಚಿತ್ರಕ್ಕೂ ಸಹಿ ಬೀಳಿಸಬಹುದು ಅಂತ ಗೊತ್ತಾಗಿ, ಕೊಟ್ಟ ಸರ್ಟಿಫಿಕೇಟ್‌ಗಳನ್ನು ಕಂಪನಿ ರದ್ದು ಮಾಡಿತು. ಅಷ್ಟಾದರೂ, ರದ್ದು ಮಾಡಲಿಕ್ಕೆ ಒಂದು ವ್ಯವಸ್ಥೆ ಇತ್ತಲ್ಲ. ಫಾರ್ವರ್ಡ್‌ಗೆ ಅದೂ ಇಲ್ಲ.

ನಿಮ್ಮ "ಏನೂ ನಂಬಬೇಡಿ" ಯಾರಿಗೆ ಅನುಕೂಲ ಅಂತ ಯೋಚಿಸಿದ್ದೀರಾ ಗೊಣಗಪ್ಪನವರೇ? ನಿಜವಾಗಿ ಸಿಕ್ಕಿಬಿದ್ದವನಿಗೆ. "ಅದು ಎಐ" ಅಂದರೆ ಮುಗೀತು. ಚೆಸ್ನಿ, ಸಿಟ್ರನ್ ಅಂತ ಇಬ್ಬರು ಕಾನೂನು ಪ್ರಾಧ್ಯಾಪಕರು ಇದಕ್ಕೆ ಸುಳ್ಳುಗಾರನ ಲಾಭಾಂಶ ಅಂತಲೇ ಹೆಸರಿಟ್ಟಿದ್ದಾರೆ.

ಗೊಣಗಪ್ಪ
ಸರಿ, ಇದಕ್ಕೆ ಉತ್ತರ ಇಲ್ಲ ನನ್ನ ಹತ್ರ. ಆದ್ರೆ 2024ರಲ್ಲಿ ಎಐ ವಿಭಾಗದಲ್ಲಿ ಬಹುಮಾನ ಗೆದ್ದ ಫ್ಲೆಮಿಂಗೋ ಚಿತ್ರ ಅಸಲಿ ಫೋಟೋ ಅಂತ ಆಮೇಲೆ ಗೊತ್ತಾಯ್ತು. ಅದರ ಹಿಂದಿನ ವರ್ಷ ಸೋನಿ ಸ್ಪರ್ಧೆಯಲ್ಲಿ ಗೆದ್ದ ಫೋಟೋ ಎಐ. ತೀರ್ಪುಗಾರರಿಗೇ ಗೊತ್ತಾಗಲ್ಲ ಅಂದ್ಮೇಲೆ ನಾನು ಗೊಣಗೋದು ಬಿಡಲ್ಲ.

ಸುಮ್ನೆ ಓದೋಳು
ಸಂಬಂಧ ಇಲ್ಲದ ಪ್ರಶ್ನೆ: ದಾಖಲೆಯ ಫೋಟೋ ಕಳಿಸುವಾಗ ನಂಬರನ್ನ ಮಸುಕು ಮಾಡಿದ್ರೆ ಸಾಕಾ?

ಎಂಟೆಂಟ್ಲೆ ಅರವತ್ನಾಲ್ಕು
ಸಾಲದು. ಅಕ್ಷರ ಅಂಕಿಗಳನ್ನ ಮಸುಕು ಮಾಡಿದ್ರೆ, ಚೌಕ ಚೌಕ ಮಾಡಿದ್ರೆ, ಊಹಿಸಿ ಹೊಂದಿಸಿ ವಾಪಸ್ ತೆಗೆಯೋಕೆ ಆಗುತ್ತೆ. ಪೂರ್ತಿ ಕಪ್ಪು ಪಟ್ಟಿ ಹಾಕಿ. ಫೋನಿನ ಹೈಲೈಟರ್ ಪೆನ್ ಬೇಡ, ಅದು ಅರೆಪಾರದರ್ಶಕ, ಬೆಳಕು ಏರಿಸಿದ್ರೆ ಕೆಳಗಿನದು ಕಾಣುತ್ತೆ. ಕ್ರಾಪ್‌ನೂ ಕಣ್ಮುಚ್ಚಿ ನಂಬಬೇಡಿ. 2023ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನ್‌ಗಳ ಮಾರ್ಕಪ್ ಅನ್ನೋ ಎಡಿಟರ್‌ನಲ್ಲಿ ಸಿಕ್ಕ ದೋಷ ಅದೇ: ಕತ್ತರಿಸಿದ ಚಿಕ್ಕ ಚಿತ್ರಾನ ಹಳೇ ಫೈಲಿನ ಮೇಲೇ ಬರೀತಿತ್ತು, ಉಳಿದ ಬಾಲಾನ ಕತ್ತರಿಸ್ತಿರಲಿಲ್ಲ. ಆ ಬಾಲದಿಂದ ಕತ್ತರಿಸಿದ ಭಾಗ ಎಷ್ಟೋ ವಾಪಸ್ ಬರ್ತಿತ್ತು. ಕಪ್ಪು ಪಟ್ಟಿ ಹಾಕಿ, ಆ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಅದನ್ನ ಕಳಿಸಿ.

ಹೊಸಗಣ್ಣು
ಸ್ಕ್ರೀನ್‌ಶಾಟ್ ಅಂದ್ರಲ್ಲ, ಚಾಟ್ ಸ್ಕ್ರೀನ್‌ಶಾಟ್ ಪುರಾವೆ ಅಂತ ಹಾಕ್ತಾರಲ್ಲ, ಅದನ್ನ ಹೆಂಗೆ ಪರೀಕ್ಷಿಸೋದು?

ಮೂಲಪ್ರತಿ
ಪರೀಕ್ಷಿಸಲಿಕ್ಕೆ ಚಿತ್ರದಲ್ಲಿ ಏನೂ ಇಲ್ಲ. ಬ್ರೌಸರ್‌ನಲ್ಲಿ ಚಾಟ್ ತೆರೆದು, ಬಲ ಕ್ಲಿಕ್ ಮಾಡಿ, ಇನ್‌ಸ್ಪೆಕ್ಟ್ ಅಂತ ಕೊಟ್ಟು, ಸಾಲಿನ ಮೇಲೆ ಡಬಲ್ ಕ್ಲಿಕ್ ಮಾಡಿ ಬೇಕಾದ್ದು ಟೈಪ್ ಮಾಡಿದರೆ ಆಯಿತು. ಅಕ್ಷರ, ಅಂತರ, ನೀಲಿ ಟಿಕ್ಕು ಎಲ್ಲ ಸರಿಯಾಗಿರ್ತದೆ, ಬರೆದದ್ದು ಆ ಪುಟವೇ. ಎಡಿಟರ್ ಮುಟ್ಟಿಯೇ ಇಲ್ಲ, ಹಾಗಾಗಿ ಎಲ್ಲ ಟೂಲೂ "ತಿದ್ದಿಲ್ಲ" ಅನ್ನುತ್ತವೆ. ಇಬ್ಬರ ಫೋನಿನಿಂದಲೂ ಚಾಟ್ ಎಕ್ಸ್‌ಪೋರ್ಟ್ ತರಿಸಿ, ಸಮಯ ಹೋಲಿಸಿ.

ಗೊಣಗಪ್ಪ
ಎಕ್ಸ್‌ಪೋರ್ಟ್ ಬರೋದು ಬರೀ ಟೆಕ್ಸ್ಟ್ ಫೈಲ್. ಅದನ್ನ ತಿದ್ದೋಕೆ ನೋಟ್‌ಪ್ಯಾಡ್ ಸಾಕು.

ಮೂಲಪ್ರತಿ
ಅದಕ್ಕೇ ಇಬ್ಬರದ್ದೂ ಅಂದದ್ದು. ಒಬ್ಬರದ್ದೇ ಸಿಗುವುದಾದರೆ ಫೋನನ್ನೇ ಕೈಗೆ ತಗೊಂಡು ನೋಡಿ.